ಮ್ಯಾಕ್ರೊಗೆ ಕಣ್ಣಿಲ್ಲ: ಜಾತ್ರೆ ಲೈವ್ ಮಾಡೋರು ಸ್ವಿಚರಿಗೆ ಏನು ಕಲಿಸಬೇಕು, ಏನು ಕಲಿಸಬಾರದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಈ ಸಲದ ಸಂಚಿಕೆ ಲೈವ್ ವಿಡಿಯೋ ಮಾಡೋ ಹುಡುಗ್ರಿಗೆ, ಮಾಡಬೇಕು ಅನ್ಕೊಂಡಿರೋರಿಗೆ, ಮತ್ತೆ ಜಾತ್ರೆ ಲೈವನ್ನ ಫೋನಿನಲ್ಲಿ ನೋಡ್ತಾ 'ಇದನ್ನ ಹೆಂಗ ಮಾಡ್ತಾರೋ ಏನೋ' ಅಂತ ಒಮ್ಮೆಯಾದ್ರೂ ಅನ್ಕೊಂಡಿರೋ ಎಲ್ಲರಿಗೆ. ವಿಷಯ ಇಷ್ಟೇ: ವಿಡಿಯೋ ಸ್ವಿಚರಿನಲ್ಲಿ ಮ್ಯಾಕ್ರೊ ರೆಕಾರ್ಡ್ ಮಾಡೋದು ಹೇಗೆ, ಬಳಸೋದು ಹೇಗೆ, ಎಲ್ಲಿ ಬಳಸಲೇಬಾರದು.

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಲೈವ್ ಮಾಡೋರಿಗೆ ವರ್ಷಪೂರ್ತಿ ಕೆಲಸ ಇದೆ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿ ಬನಶಂಕರಿ ತೇರು. ಜನವರಿಯಲ್ಲೇ ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಶರಣ ಮೇಳ. ಬಿಸಿಲು ಏರೋ ಹೊತ್ತಿಗೆ ಬಾಗಲಕೋಟೆಯ ಹೋಳಿ, ಹಲಗಿ ಸಪ್ಪಳ. ಆಮೇಲೆ ಮದುವೆ ಸೀಸನ್. ಶ್ರಾವಣ ಬಂತಂದ್ರೆ ಇಳಕಲ್, ಹುನಗುಂದ ಕಡೆ ಮಠಗಳಲ್ಲಿ ದಿನಾ ಸಂಜೆ ಪ್ರವಚನ. ಇವುಗಳಲ್ಲಿ ಬಹಳಷ್ಟು ಈಗ ಯೂಟ್ಯೂಬಿಗೋ ಫೇಸ್‌ಬುಕ್ಕಿಗೋ ಲೈವ್ ಹೋಗುತ್ತೆ. ನೋಡೋರು ಯಾರು? ದುಡಿಯಾಕ ಗೋವಾಕ್ಕ, ಮಂಗಳೂರಿಗೆ, ಬೆಂಗಳೂರಿಗೆ ಹೋದ ನಮ್ಮ ಮಂದಿ. ರಜೆ ಸಿಗಲಿಲ್ಲ ಅಂದ್ರೆ ಆ ವರ್ಷದ ತೇರು ಅವರಿಗೆ ಫೋನಿನಲ್ಲೇ.

ಇನ್ನು ಲೈವ್ ಮಾಡೋ ಟೀಮ್ ನೋಡಿದ್ರೆ ಇಬ್ಬರು, ಹೆಚ್ಚಂದ್ರೆ ಮೂವರು. ಒಬ್ಬ ತೇರಿನ ಮುಂದೆ ಕ್ಯಾಮೆರಾ ಹಿಡಿದಿರ್ತಾನೆ, ಒಂದು ಕ್ಯಾಮೆರಾ ಮಾಳಿಗೆ ಮೇಲೆ ಸ್ಟ್ಯಾಂಡಿನಲ್ಲಿ ತಾನೇ ನಿಂತಿರುತ್ತೆ, ಇನ್ನೊಬ್ಬ ಮೂಲೆಯಲ್ಲಿ ಟೇಬಲ್ ಹಾಕ್ಕೊಂಡು ಸ್ವಿಚರ್, ಲ್ಯಾಪ್‌ಟಾಪ್, ಸೌಂಡು, ಇಂಟರ್ನೆಟ್ಟು ಎಲ್ಲಾ ಒಬ್ಬನೇ ನೋಡ್ಕೋತಾನೆ. ಇಂಥ ಒಬ್ಬನಿಗೆ ಮ್ಯಾಕ್ರೊ ದೊಡ್ಡ ಆಸರೆ. ಅರ್ಥ ಮಾಡ್ಕೊಳ್ಳದೆ ಇಟ್ಕೊಂಡ್ರೆ ಅದೇ ಮ್ಯಾಕ್ರೊ ನಡು ಜಾತ್ರೆಯಲ್ಲಿ ಕೈಕೊಡುತ್ತೆ.

ಮೊದಲು ಸ್ವಿಚರ್ ಅಂದ್ರೇನು

ಮೂರ್ನಾಲ್ಕು ಕ್ಯಾಮೆರಾದ ಚಿತ್ರ ಒಂದೇ ಪೆಟ್ಟಿಗೆಗೆ ಬರುತ್ತೆ. ಹೊರಗೆ ಹೋಗೋದು ಒಂದೇ ಚಿತ್ರ. ಯಾವುದು ಹೋಗಬೇಕು ಅಂತ ಆರಿಸೋ ಪೆಟ್ಟಿಗೆಯೇ ಸ್ವಿಚರ್. ನಮ್ಮ ಕಡೆ ಮಿಕ್ಸರ್ ಅಂತಲೂ ಅಂತಾರೆ. ಈಗ ಜನರಿಗೆ ಕಾಣ್ತಿರೋ ಚಿತ್ರಕ್ಕೆ 'ಪ್ರೋಗ್ರಾಮ್' ಅಂತ ಹೆಸರು. ಮುಂದೆ ಹೋಗಬೇಕಾದದ್ದು 'ಪ್ರಿವ್ಯೂ'ನಲ್ಲಿ ಕಾಯ್ತಿರುತ್ತೆ. 'ಕಟ್' ಒತ್ತಿದ್ರೆ ಟಕ್ಕಂತ ಬದಲಾಗುತ್ತೆ. 'ಆಟೋ' ಒತ್ತಿದ್ರೆ ಒಂದು ಚಿತ್ರ ಕರಗಿ ಇನ್ನೊಂದು ನಿಧಾನಕ್ಕೆ ಬರುತ್ತೆ. ಇದರ ಮೇಲೆ ಹೆಸರಿನ ಪಟ್ಟಿ, ಮೂಲೆಯ ಲೋಗೋ, ಚಿತ್ರದೊಳಗೊಂದು ಸಣ್ಣ ಚಿತ್ರ ಇವನ್ನ ಕೂರಿಸೋಕೆ 'ಕೀ' ಅನ್ನೋ ಸೌಲಭ್ಯ. ಬ್ಯಾನರಿನಂಥ ಸ್ಥಿರ ಚಿತ್ರಗಳನ್ನ ತೋರಿಸೋಕೆ 'ಮೀಡಿಯಾ ಪ್ಲೇಯರ್'. ಜೊತೆಗೆ ಮೈಕುಗಳನ್ನ ತೆರೆಯೋ, ಮುಚ್ಚೋ ಗುಂಡಿಗಳು.

ಇದೆಲ್ಲಾ ಮೊದಲು ಟಿವಿ ಸ್ಟುಡಿಯೋದವರ ಕೈಯಲ್ಲಿತ್ತು. 2019ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿ ಏಟೆಮ್ ಮಿನಿ ಅಂತ ಒಂದು ಸಣ್ಣ ಸ್ವಿಚರ್ ತಂತು. ನಾಲ್ಕು ಎಚ್‌ಡಿಎಂಐ ಇನ್‌ಪುಟ್, ಬಿಡುಗಡೆಯ ಬೆಲೆ 295 ಡಾಲರ್. ಮರುವರ್ಷ ಕೊರೊನಾ ಬಂತು, ಮದುವೆಗೂ ಮಠಕ್ಕೂ ಲೈವ್ ಬೇಕಾಯ್ತು. ಊರೂರಿನ ಫೋಟೋ ಸ್ಟುಡಿಯೋಗಳಿಗೆ ಸ್ವಿಚರ್ ಬಂದದ್ದು ಹೆಚ್ಚಾಗಿ ಆ ಕಾಲದಲ್ಲೇ. ಅದಕ್ಕೇ ಇವತ್ತಿನ ಉದಾಹರಣೆಗಳಿಗೆ ಏಟೆಮ್ ಇಟ್ಕೋತೀನಿ. ಲ್ಯಾಪ್‌ಟಾಪಿನಲ್ಲೇ ವಿಮಿಕ್ಸ್ ಬಳಸೋರಿಗೆ ಶಾರ್ಟ್‌ಕಟ್, ಟ್ರಿಗರ್ ಅನ್ನೋ ಹೆಸರಲ್ಲಿ ಇದೇ ಕೆಲಸ ಸಿಗುತ್ತೆ. ಪುಕ್ಕಟೆ ಸಿಗೋ ಒಬಿಎಸ್ ಬಳಸೋರಿಗೆ 'ಅಡ್ವಾನ್ಸ್ಡ್ ಸೀನ್ ಸ್ವಿಚರ್' ಅನ್ನೋ ಪ್ಲಗಿನ್ ಇದೆ. ಅದರಲ್ಲೂ ಮ್ಯಾಕ್ರೊ ಅಂತಲೇ ಕರೀತಾರೆ.

ಒಂದು ಬೆಲ್ಲು, ಏಳು ಕೆಲಸ

ಬನಶಂಕರಿ ಜಾತ್ರೆ ಅಂದ್ರೆ ಕಂಪನಿ ನಾಟಕ ಬಿಟ್ಟು ಮಾತಾಡೋಕೆ ಆಗಲ್ಲ. ಅಲ್ಲಿ ಬೆಲ್ ಹೊಡೆದ ಕೂಡಲೇ ಏನಾಗುತ್ತೆ ನೋಡ್ರಿ. ಪರದೆ ಸರಿಯುತ್ತೆ, ಲೈಟ್ ಬದಲಾಗುತ್ತೆ, ಪೆಟ್ಟಿಗೆ ಮಾಸ್ತರರ ಹಾರ್ಮೋನಿಯಂ ಶುರುವಾಗುತ್ತೆ. ಬೆಲ್ಲು ಒಂದೇ, ಕೆಲಸ ಮಾತ್ರ ಹಲವು. ಮ್ಯಾಕ್ರೊ ಅಂದ್ರೂ ಇದೇ. ಒಂದು ಗುಂಡಿ ಒತ್ತಿದ್ರೆ ಮೊದಲೇ ಕಲಿಸಿಟ್ಟ ಕೆಲಸಗಳು ಸಾಲಾಗಿ ನಡೀತವೆ.

ಈಗ ಶ್ರಾವಣದ ಪ್ರವಚನಕ್ಕೆ ಬರೋಣ. ನಡುವೆ ಹತ್ತು ನಿಮಿಷ ವಿರಾಮ ಕೊಡಬೇಕು. ಸ್ವಿಚರಿನಲ್ಲಿ ಕೈಯಿಂದ ಎಷ್ಟು ಕೆಲಸ? ಹೆಸರಿನ ಪಟ್ಟಿ ತೆಗೀಬೇಕು. ಬದಲಾವಣೆಯ ಶೈಲಿ 'ಮಿಕ್ಸ್' ಆಗಿದೆಯಾ ನೋಡಬೇಕು. ಮೀಡಿಯಾ ಪ್ಲೇಯರಿಗೆ 'ವಿರಾಮ' ಬ್ಯಾನರ್ ಹಾಕಬೇಕು. ಅದನ್ನ ಪ್ರಿವ್ಯೂಗೆ ತರಬೇಕು. ಆಟೋ ಒತ್ತಬೇಕು. ವೇದಿಕೆಯ ಮೈಕ್ ಬಂದ್ ಮಾಡಬೇಕು. ವಚನ ಸಂಗೀತದ ದಾರಿ ತೆರೀಬೇಕು. ಏಳು ಕೆಲಸ. ಇದರಲ್ಲಿ ಆರನೆಯದು ಮರೆತರೆ ಏನಾಗುತ್ತೆ ಅಂತ ಲೈವ್ ಮಾಡೋ ಎಲ್ಲರಿಗೂ ಗೊತ್ತು. ಪರದೆ ಮೇಲೆ 'ವಿರಾಮ' ಅಂತ ಇರುತ್ತೆ, ಹಿಂದಿನಿಂದ ವೇದಿಕೆಯ ಮೇಲಿನವರ ಖಾಸಗಿ ಮಾತು ಇಡೀ ಊರಿಗೆ ಕೇಳಿಸುತ್ತೆ. ಆ ಮಾತು ವಾಪಸ್ ತಗೊಳ್ಳೋಕಾಗಲ್ಲ. ಯಾರೋ ಅಷ್ಟೊತ್ತಿಗೆ ಸ್ಕ್ರೀನ್ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕಿರ್ತಾರೆ.

ಶ್ರಾವಣ ಮುಗಿಯೋ ತನಕ ದಿನಾ ಅದೇ ಏಳು ಕೆಲಸ. ಮ್ಯಾಕ್ರೊ ಬೇಕಾಗಿರೋದು ಇಂಥ ಕಡೆಗೆ.

ರೆಕಾರ್ಡ್ ಮಾಡೋ ಕ್ರಮ

ಲ್ಯಾಪ್‌ಟಾಪಿನಲ್ಲಿ ಏಟೆಮ್ ಸಾಫ್ಟ್‌ವೇರ್ ಕಂಟ್ರೋಲ್ ತೆರೀರಿ. ಮೇಲಿನ ಮೆನುವಿನಲ್ಲಿ ಮ್ಯಾಕ್ರೊ ಕಿಟಕಿ ಸಿಗುತ್ತೆ. ಅದರಲ್ಲಿ ಎರಡು ಪುಟ: 'ಕ್ರಿಯೇಟ್' ಮತ್ತು 'ರನ್'. ಒಟ್ಟು 100 ಖಾಲಿ ಮನೆಗಳಿರುತ್ತವೆ. ಕ್ರಿಯೇಟ್ ಪುಟದಲ್ಲಿ ಒಂದು ಮನೆ ಆರಿಸಿ, ಹೆಸರು ಕೊಟ್ಟು, ಟಿಪ್ಪಣಿ ಬರೆದು ರೆಕಾರ್ಡ್ ಒತ್ರಿ. ಕಿಟಕಿಯ ಸುತ್ತ ಕೆಂಪು ಅಂಚು ಬರುತ್ತೆ. ಅಲ್ಲಿಂದ ನೀವು ಸಾಫ್ಟ್‌ವೇರಿನಲ್ಲಿ ಮಾಡೋ ಒಂದೊಂದು ಬದಲಾವಣೆಯೂ ದಾಖಲಾಗುತ್ತೆ. ಮುಗಿದ ಮೇಲೆ ರೆಕಾರ್ಡ್ ನಿಲ್ಲಿಸಿದ್ರೆ ಆಯ್ತು.

ಒಂದು ಎಚ್ಚರಿಕೆ. ರೆಕಾರ್ಡ್ ಆಗ್ತಿರೋವಾಗ ನೀವು ಒತ್ತಿದ್ದೆಲ್ಲಾ ನಿಜವಾಗಿಯೂ ಸ್ವಿಚರಿನಲ್ಲಿ ನಡೆಯುತ್ತೆ, ಹೊರಗೆ ಹೋಗೋ ಚಿತ್ರ ಕೂಡ ಬದಲಾಗುತ್ತೆ. ಹಾಗಾಗಿ ಲೈವ್ ಶುರುವಾದ ಮೇಲೆ ಮ್ಯಾಕ್ರೊ ರೆಕಾರ್ಡ್ ಮಾಡೋಕೆ ಕೂರಬ್ಯಾಡ್ರಿ. ಮಧ್ಯಾಹ್ನ ಪೆಂಡಾಲ್ ಕಟ್ತಿರೋವಾಗಲೇ ಈ ಕೆಲಸ ಮುಗಿಸ್ಬೇಕು.

ರನ್ ಪುಟದಲ್ಲಿ 'ರಿಕಾಲ್ ಆಂಡ್ ರನ್' ಅಂತ ಒಂದು ಆಯ್ಕೆ ಇದೆ. ಅದು ಆನ್ ಇದ್ರೆ ಮ್ಯಾಕ್ರೊ ಮೇಲೆ ಒಂದು ಕ್ಲಿಕ್ ಬಿದ್ದ ಕೂಡಲೇ ಓಡುತ್ತೆ. ಆಫ್ ಇದ್ರೆ ಮೊದಲ ಕ್ಲಿಕ್ಕಿಗೆ ಸಿದ್ಧವಾಗಿ ನಿಲ್ಲುತ್ತೆ, ಪ್ಲೇ ಒತ್ತಿದ ಮೇಲೆ ಓಡುತ್ತೆ. ಹೊಸಬರು ಆಫ್ ಇಟ್ಕೊಳ್ಳೋದು ವಾಸಿ. ನೂಕುನುಗ್ಗಲಲ್ಲಿ ಮೌಸ್ ಒಂದು ಮನೆ ಆಚೆ ಬಿದ್ರೂ ಅನಾಹುತ ಆಗಲ್ಲ.

ಇನ್ನೊಂದು ವಿಷಯ. ಮ್ಯಾಕ್ರೊ ಕೂರೋದು ಸ್ವಿಚರಿನೊಳಗೆ, ಲ್ಯಾಪ್‌ಟಾಪಿನಲ್ಲಿ ಅಲ್ಲ. ಆದ್ರೂ ಸಾಫ್ಟ್‌ವೇರಿನಲ್ಲಿ ಸೇವ್ ಮಾಡಿ ಒಂದು ಪ್ರತಿಯನ್ನ ಪೆನ್‌ಡ್ರೈವಿನಲ್ಲಿ ಇಟ್ಕೊಳ್ರಿ. ಬಾಡಿಗೆಗೆ ಬೇರೆ ಸ್ವಿಚರ್ ಬಂದ ದಿನ ಅದೇ ಫೈಲ್ ಕೆಲಸಕ್ಕೆ ಬರುತ್ತೆ. ಏಟೆಮ್ ಮಿನಿಯ ಮೈಮೇಲೆ ಮ್ಯಾಕ್ರೊ ಗುಂಡಿ ಇಲ್ಲ, ಲ್ಯಾಪ್‌ಟಾಪಿನಿಂದಲೇ ಓಡಿಸ್ಬೇಕು. ದೊಡ್ಡಣ್ಣ ಮಿನಿ ಎಕ್ಸ್‌ಟ್ರೀಮಿನಲ್ಲಿ ಆರು ಗುಂಡಿ ಇವೆ.

ಇಷ್ಟು ಕಲಿಯೋಕೆ ಅರ್ಧ ಗಂಟೆ ಸಾಕು. ತೊಂದರೆ ಇಲ್ಲಿಂದ ಮುಂದೆ ಶುರುವಾಗುತ್ತೆ. ಮ್ಯಾಕ್ರೊ ಕೆಟ್ಟು ನಿಂತಾಗ 'ಮಷೀನ್ ಸರಿ ಇಲ್ಲ' ಅಂತ ಬೈಯೋದು ಸಾಮಾನ್ಯ. ಹೆಚ್ಚಿನ ಸಲ ಕಾರಣ ಮೂರರಲ್ಲಿ ಒಂದು.

ಒಂದನೇ ಕಾರಣ: ಓಪನಿಂಗ್ ಬ್ಯಾಲೆನ್ಸ್ ಇಲ್ಲ

ನಾನು ಓದಿದ್ದು ಬಿಕಾಂ, ಹಾಗಾಗಿ ನನಗೆ ಅರ್ಥ ಆದ ಭಾಷೆಯಲ್ಲೇ ಹೇಳ್ತೀನಿ. ಕ್ಯಾಶ್ ಬುಕ್ಕಿನಲ್ಲಿ ದಿನದ ಜಮಾ, ಖರ್ಚು ಅಷ್ಟೂ ಸರಿಯಾಗಿ ಬರೆದ್ರೂ ಬೆಳಿಗ್ಗೆಯ ಓಪನಿಂಗ್ ಬ್ಯಾಲೆನ್ಸ್ ತಪ್ಪಿದ್ರೆ ಸಂಜೆಯ ಲೆಕ್ಕ ತಪ್ಪೇ. ಮ್ಯಾಕ್ರೊ ದಾಖಲಿಸೋದು ಬದಲಾವಣೆಯನ್ನ ಮಾತ್ರ. ಆಗಲೇ ಇದ್ದ ಸ್ಥಿತಿಯನ್ನ ಅದು ಬರ್ಕೊಳ್ಳಲ್ಲ.

ಹೇಗೆ ಅಂದ್ರೆ, ನೀವು ಮಧ್ಯಾಹ್ನ ವಿರಾಮದ ಮ್ಯಾಕ್ರೊ ರೆಕಾರ್ಡ್ ಮಾಡಿದ್ರಿ. ಆಗ ಬದಲಾವಣೆ ಶೈಲಿ ಮೊದಲೇ 'ಮಿಕ್ಸ್' ಇತ್ತು, ಹಾಗಾಗಿ ಅದನ್ನ ಮುಟ್ಟಲಿಲ್ಲ. ವೇದಿಕೆಯ ಮೈಕ್ ಆಗಲೇ ಬಂದ್ ಇತ್ತು, ಅದನ್ನೂ ಮುಟ್ಟಲಿಲ್ಲ. ಓಡಿಸಿ ನೋಡಿದ್ರಿ, ಎಲ್ಲಾ ಸರಿ. ಸಂಜೆ ಯಾರೋ ಶೈಲಿಯನ್ನ 'ವೈಪ್' ಮಾಡಿದ್ರು, ಮೈಕ್ ಅಂತೂ ತೆರೆದೇ ಇರುತ್ತೆ. ಈಗ ಅದೇ ಮ್ಯಾಕ್ರೊ ಓಡಿಸಿದ್ರೆ ಬ್ಯಾನರ್ ವೈಪಿನಲ್ಲಿ ಬರುತ್ತೆ, ಮೈಕ್ ತೆರೆದೇ ಉಳಿಯುತ್ತೆ. ಮಷೀನಿನ ತಪ್ಪು ಏನೂ ಇಲ್ಲ. ಮೈಕ್ ಬಂದ್ ಮಾಡು ಅಂತ ಅದಕ್ಕೆ ಯಾರೂ ಹೇಳೇ ಇಲ್ಲ.

ಪರಿಹಾರ ಸುಲಭ. ರೆಕಾರ್ಡ್ ಒತ್ತೋಕೆ ಮುಂಚೆ ಬೇಕಾದ ಒಂದೊಂದು ಸೆಟ್ಟಿಂಗನ್ನೂ ಬೇಕಂತಲೇ ಉಲ್ಟಾ ಮಾಡ್ರಿ. ಮಿಕ್ಸ್ ಬೇಕಿದ್ರೆ ವೈಪಿಗೆ ಇಡ್ರಿ. ಮೈಕ್ ಬಂದ್ ಆಗಬೇಕಿದ್ರೆ ತೆರೆದಿಡ್ರಿ. ಬದಲಾವಣೆ ಒಂದು ಸೆಕೆಂಡ್ ಬೇಕಿದ್ರೆ ಎರಡು ಸೆಕೆಂಡಿಗೆ ಇಡ್ರಿ. ಆಮೇಲೆ ರೆಕಾರ್ಡ್ ಒತ್ತಿ ಒಂದೊಂದನ್ನೂ ಸರಿಯಾದ ಜಾಗಕ್ಕೆ ತರ್ರಿ. ಆಗ ಓಪನಿಂಗ್ ಬ್ಯಾಲೆನ್ಸ್ ಮ್ಯಾಕ್ರೊದ ಒಳಗೇ ಬರೆದಂಗಾಯ್ತು. ಎಲ್ಲಿಂದ ಹೊರಟ್ರೂ ಅದು ಸೇರೋದು ಒಂದೇ ಜಾಗಕ್ಕೆ.

ಎರಡನೇ ಕಾರಣ: ಕಾಯೋದು ಗೊತ್ತಿಲ್ಲ

ರೆಕಾರ್ಡ್ ಮಾಡೋವಾಗ ನೀವು ಆಟೋ ಒತ್ತಿ, ಚಿತ್ರ ಪೂರ್ತಿ ಬದಲಾಗೋ ತನಕ ಕಾದು, ಆಮೇಲೆ ಮುಂದಿನ ಗುಂಡಿ ಒತ್ತಿರ್ತೀರಿ. ಮ್ಯಾಕ್ರೊ ಆ ಗುಂಡಿಗಳನ್ನ ನೆನಪಿಡುತ್ತೆ, ನಡುವೆ ನೀವು ಕಾದದ್ದನ್ನ ನೆನಪಿಡಲ್ಲ. ಓಡಿಸಿದಾಗ ಎಲ್ಲಾ ಒಂದರ ಬೆನ್ನಿಗೊಂದು ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ನಡೆದುಬಿಡುತ್ತೆ.

ಪ್ರವಚನದ ಕೊನೆಗೆ ಒಂದು ಮ್ಯಾಕ್ರೊ ಇದೆ ಅನ್ಕೊಳ್ರಿ: ಮಂಗಳಾರತಿಯ ಕ್ಯಾಮೆರಾಕ್ಕೆ ನಿಧಾನ ಬದಲಾಗು, ಅದಾದ ಮೇಲೆ ಪ್ರಿವ್ಯೂಗೆ ಧನ್ಯವಾದದ ಬ್ಯಾನರ್ ತಂದಿಡು. ನಡುವೆ ಬಿಡುವು ಇಲ್ಲದಿದ್ರೆ ಆರತಿಯ ಚಿತ್ರ ಇನ್ನೂ ಅರ್ಧ ಬರ್ತಿರೋವಾಗಲೇ ಪ್ರಿವ್ಯೂ ಬದಲಾಗುತ್ತೆ. ಆರತಿ ಬರಬೇಕಾದ ಜಾಗಕ್ಕೆ ಬ್ಯಾನರ್ ಬಂದು ಕೂರುತ್ತೆ.

ಇದಕ್ಕೇ ರೆಕಾರ್ಡ್ ಆಗೋವಾಗ ಮೇಲಿನ ಕೆಂಪು ಅಂಚಿನಲ್ಲಿ 'ಆ್ಯಡ್ ಪಾಸ್' ಅನ್ನೋ ಗುಂಡಿ ಕಾಣುತ್ತೆ. ಎಷ್ಟು ಸೆಕೆಂಡ್, ಎಷ್ಟು ಫ್ರೇಮ್ ಕಾಯಬೇಕು ಅಂತ ಅಲ್ಲಿ ಬರೀಬೇಕು. ಬದಲಾವಣೆ ಒಂದು ಸೆಕೆಂಡಿನದ್ದಾದ್ರೆ ಬಿಡುವು ಅದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಒಂದು ಸೆಕೆಂಡ್, ಐದು ಫ್ರೇಮ್ ಕೊಟ್ಟರೆ ನೆಮ್ಮದಿ.

ಫ್ರೇಮ್ ಲೆಕ್ಕ ಹೇಳ್ಬಿಡ್ತೀನಿ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು, ಸೀರಿಯಲ್ ಲೈಟುಗಳ ಕೆಳಗೆ ಚಿತ್ರ ಪಟಪಟ ಅನ್ನಬಾರದು ಅಂದ್ರೆ ಸೆಕೆಂಡಿಗೆ 25 ಅಥವಾ 50 ಫ್ರೇಮ್ ಇಟ್ಕೊಂಡು, ಶಟರ್ 50ರಲ್ಲಿ ಒಂದಂಶಕ್ಕೆ ಇಡೋದು ವಾಡಿಕೆ. 25 ಫ್ರೇಮಿನಲ್ಲಿ 50 ಫ್ರೇಮ್ ಬಿಡುವು ಅಂದ್ರೆ ಎರಡು ಸೆಕೆಂಡ್. ಅದೇ 50 ಫ್ರೇಮಿನಲ್ಲಿ ಅಷ್ಟೇ ಬಿಡುವು ಅಂದ್ರೆ ಒಂದೇ ಸೆಕೆಂಡ್. ಏಟೆಮ್ ಮಿನಿಯನ್ನ 'ಆಟೋ' ಫಾರ್ಮ್ಯಾಟಿನಲ್ಲಿ ಬಿಟ್ಟಿದ್ರೆ ಮೊದಲು ಚುಚ್ಚಿದ ಸಾಧನದ ಫಾರ್ಮ್ಯಾಟನ್ನೇ ಅದು ಹಿಡಿಯುತ್ತೆ. ನಿನ್ನೆ ಮೊದಲು ಕ್ಯಾಮೆರಾ ಚುಚ್ಚಿದ್ರಿ, ಇವತ್ತು ಲ್ಯಾಪ್‌ಟಾಪ್ ಚುಚ್ಚಿದ್ರಿ ಅಂದ್ರೆ ಲೆಕ್ಕ ಏರುಪೇರಾಗಬಹುದು. ಫಾರ್ಮ್ಯಾಟನ್ನ ಕೈಯಿಂದಲೇ ಒಂದಕ್ಕೆ ಕಟ್ಟಿಹಾಕಿ, ಆಮೇಲೆ ಮ್ಯಾಕ್ರೊ ಮಾಡ್ರಿ.

ಮೂರನೇ ಕಾರಣ: ಮನೆ ನಂಬರ್ ಗೊತ್ತು, ಮನೆಯೊಳಗೆ ಯಾರಿದ್ದಾರೆ ಗೊತ್ತಿಲ್ಲ

ಎಕ್ಸೆಲ್ಲಿನಲ್ಲಿ ಮ್ಯಾಕ್ರೊ ರೆಕಾರ್ಡ್ ಮಾಡಿದವರಿಗೆ ಇದು ಬೇಗ ಹೊಳೆಯುತ್ತೆ. ಸುಮ್ಮನೆ ರೆಕಾರ್ಡ್ ಮಾಡಿದ್ರೆ ಅದು ಬಿ2 ಅನ್ನೋ ಮನೆಯನ್ನೇ ಹಿಡ್ಕೊಂಡಿರುತ್ತೆ. ಮುಂದಿನ ತಿಂಗಳ ಶೀಟಿನಲ್ಲಿ ಒಟ್ಟು ಮೊತ್ತ ಬಿ9ಕ್ಕೆ ಹೋಗಿದ್ರೂ ಮ್ಯಾಕ್ರೊ ಹೋಗಿ ಬಿ2ರ ಬಾಗಿಲನ್ನೇ ಬಡಿಯುತ್ತೆ.

ಸ್ವಿಚರಿನಲ್ಲೂ ಹಾಗೇ. 'ಮೂರನೇ ಸ್ಟಿಲ್ ತೋರಿಸು' ಅಂತ ಮ್ಯಾಕ್ರೊಗೆ ಗೊತ್ತು. ಮೂರನೇ ಮನೆಯಲ್ಲಿ ಇವತ್ತು ಯಾವ ಚಿತ್ರ ಇದೆ ಅಂತ ಗೊತ್ತಿಲ್ಲ. ನಮ್ಮ ಕಡೆ ಒಂದೇ ಸ್ವಿಚರ್ ಇವತ್ತು ಅಂತ್ಯಸಂಸ್ಕಾರಕ್ಕೆ, ನಾಳೆ ಮದುವೆಗೆ, ನಾಳಿದ್ದು ಪ್ರವಚನಕ್ಕೆ ಹೋಗುತ್ತೆ. ನಿನ್ನೆ ಮೂರನೇ ಮನೆಯಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ' ಕಾರ್ಡ್ ಇತ್ತು, ಇವತ್ತು ಅಕ್ಷತೆ ಹೊತ್ತಿಗೆ ಮ್ಯಾಕ್ರೊ ಅದೇ ಮನೆ ಬಾಗಿಲು ತೆರೀತು ಅಂದ್ರೆ ಏನ್ ಹೇಳ್ತೀರಿ ಹೆಣ್ಣಿನ ಕಡೆಯವರಿಗೆ? 'ಟೆಕ್ನಿಕಲ್ ಪ್ರಾಬ್ಲಂ ರೀ' ಅಂದ್ರೆ ಕೇಳ್ತಾರಾ?

ಕ್ಯಾಮೆರಾದ್ದೂ ಇದೇ ಕಥೆ. ಮ್ಯಾಕ್ರೊಗೆ 'ಎರಡನೇ ಇನ್‌ಪುಟ್' ಗೊತ್ತೇ ಹೊರತು 'ತೇರಿನ ಕ್ಯಾಮೆರಾ' ಗೊತ್ತಿಲ್ಲ. ಕೇಬಲ್ ಅದಲು ಬದಲಾದ್ರೆ ಅದು ಬೇರೆ ಚಿತ್ರವನ್ನ ಅಷ್ಟೇ ಧೈರ್ಯದಿಂದ ಹೊರಗೆ ಕಳಿಸುತ್ತೆ.

ಇದಕ್ಕೆ ಮದ್ದು ಶಿಸ್ತೊಂದೇ. ವರ್ಷಪೂರ್ತಿ ಒಂದೇ ಪದ್ಧತಿ ಇಟ್ಕೊಳ್ರಿ: ಒಂದನೇ ಇನ್‌ಪುಟ್ ಯಾವತ್ತೂ ವೈಡ್, ಎರಡನೆಯದು ಕೈಯಲ್ಲಿ ಹಿಡಿದ ಕ್ಯಾಮೆರಾ, ಹೀಗೆ. ಕೇಬಲ್ಲಿನ ಎರಡೂ ತುದಿಗೆ ಒಂದೇ ಬಣ್ಣದ ಟೇಪ್ ಸುತ್ರಿ. ಸ್ಟಿಲ್‌ಗಳಿಗೂ ಮನೆ ಗೊತ್ತುಮಾಡ್ರಿ: ಒಂದು ಲೋಗೋ, ಎರಡು ವಿರಾಮ, ಮೂರು ಧನ್ಯವಾದ. ಒಂದು ಆರ್ಡರ್ ಮುಗಿದ ರಾತ್ರಿಯೇ ಹಳೇ ಚಿತ್ರಗಳನ್ನ ಅಳಿಸಿ ಮಲಗ್ರಿ. ಕರೆಂಟ್ ಹೋಗಿ ಬಂದಾಗ ಎಲ್ಲಾ ಚಿತ್ರ ಜಾಗದಲ್ಲಿವೆಯಾ ಅಂತ ಒಮ್ಮೆ ಕಣ್ಣಾಡಿಸ್ರಿ. ಮ್ಯಾಕ್ರೊದ ಟಿಪ್ಪಣಿಯಲ್ಲಿ 'ಸ್ಟಿಲ್ 2ರಲ್ಲಿ ವಿರಾಮ ಇರಬೇಕು, ಇನ್‌ಪುಟ್ 1 ವೈಡ್ ಇರಬೇಕು' ಅಂತ ಬರೆದಿಡ್ರಿ. ನಾಳೆ ನಿಮ್ಮ ಬದಲು ತಮ್ಮ ಬಂದು ಕೂತ್ರೂ ಓದಿ ತಿಳ್ಕೋತಾನೆ.

ಮಗ್ಗದ ಅಟ್ಟೆ, ಕೈಯ ಕೊಂಡಿ

ಇಲ್ಲಿಗೆ ಬಂದಾಗ ನನಗೆ ಇಳಕಲ್ಲಿನ ಮಗ್ಗ ನೆನಪಾಗುತ್ತೆ. ಸುಮ್ಮನೆ ಹೋಲಿಕೆಗೆ ಹೇಳ್ತಿಲ್ಲ, ಎರಡಕ್ಕೂ ನಿಜವಾಗಿಯೂ ನಂಟಿದೆ. ಜಕಾರ್ಡ್ ಮಗ್ಗ ನೋಡಿದವರಿಗೆ ತೂತು ಹೊಡೆದ ಅಟ್ಟೆಗಳ ಸರ ಗೊತ್ತಿರುತ್ತೆ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಅನ್ನೋದು ಆ ತೂತುಗಳಲ್ಲೇ ಬರೆದಿರುತ್ತೆ. ಫ್ರಾನ್ಸಿನ ಲಿಯೊನ್ ಊರಿನ ಜೋಸೆಫ್ ಮರಿ ಜಕಾರ್ಡ್ ಇದನ್ನ 1804ರ ಸುಮಾರಿಗೆ ರೂಪಿಸಿದ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಅದೇ ಅಟ್ಟೆಯ ಉಪಾಯ ತಗೊಂಡ. ಮುಂದೆ ಕಂಪ್ಯೂಟರುಗಳಿಗೂ ಬಹಳ ಕಾಲ ಆದೇಶ ಹೋಗ್ತಿದ್ದದ್ದು ತೂತಿನ ಕಾರ್ಡುಗಳಿಂದಲೇ. ಮ್ಯಾಕ್ರೊ ಅಂದ್ರೆ ಅದೇ ಮನೆತನದ ಕೂಸು.

ಆದ್ರೆ ಇಳಕಲ್ ಸೀರೆಯ ಗುರುತು ಬೇರೆ. ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡರ ಎಳೆಗಳನ್ನ ಕುಣಿಕೆ ಹಾಕಿ ಕೈಯಿಂದಲೇ ಸೇರಿಸ್ತಾರೆ. ಅದಕ್ಕೇ ಕೊಂಡಿ ಅನ್ನೋದು. ಎಳೆ ಕಣ್ಣಿಗೆ ಕಂಡು ಬೆರಳಿಗೆ ಸಿಕ್ಕ ಮೇಲೇ ಆಗೋ ಕೆಲಸ ಅದು. ಮತ್ತೆ ಮತ್ತೆ ಬರೋ ವಿನ್ಯಾಸವನ್ನ ಅಟ್ಟೆಗೆ ಬಿಡಬಹುದು, ಎರಡು ಹಾಸು ಸೇರೋ ಜಾಗಕ್ಕೆ ಮಾತ್ರ ಕೈ ಬೇಕು. ಲೈವಿನಲ್ಲೂ ಹಂಗೇ ಪಾಲು ಮಾಡ್ಕೋಬೇಕು.

ಯಾವುದು ಮ್ಯಾಕ್ರೊಗೆ, ಯಾವುದು ಕೈಗೆ

ನನ್ನ ಲೆಕ್ಕ ಹೀಗಿದೆ. ಗಡಿಯಾರ ನೋಡಿ ಮಾಡೋ ಕೆಲಸ ಮ್ಯಾಕ್ರೊಗೆ. ಮನುಷ್ಯರ ಮುಖ ನೋಡಿ ಮಾಡೋ ಕೆಲಸ ಕೈಗೆ.

ಕಾರ್ಯಕ್ರಮದ ಶುರು, ವಿರಾಮ, ಮುಕ್ತಾಯ, ದಾನಿಗಳ ಹೆಸರಿನ ಬ್ಯಾನರ್, ಪ್ರವಚನಕಾರರ ಪಕ್ಕ ಸಣ್ಣ ಚೌಕದಲ್ಲಿ ವಚನದ ಸಾಲು ಕೂರಿಸೋದು ಇವೆಲ್ಲಾ ದಿನಾ ಒಂದೇ ತರ. ಧಾರಾಳವಾಗಿ ಮ್ಯಾಕ್ರೊ ಮಾಡ್ರಿ.

ತೇರು ಎಳೆಯೋ ಗಳಿಗೆಗೆ ಮ್ಯಾಕ್ರೊ ಬ್ಯಾಡ. 'ವೈಡ್ ಐದು ಸೆಕೆಂಡ್, ಗಾಲಿ ಮೂರು ಸೆಕೆಂಡ್, ಕಳಸ ಎರಡು ಸೆಕೆಂಡ್' ಅಂತ ಕಾಗದದ ಮೇಲೆ ಬರೆದ್ರೆ ಚೆಂದ ಕಾಣುತ್ತೆ. ತೇರು ಆ ಲೆಕ್ಕ ಕೇಳಲ್ಲ. ಹಗ್ಗ ಬಿಗಿಯಾಗುತ್ತೆ, ಸಡಿಲ ಆಗುತ್ತೆ, ಗಾಲಿಗೆ ಮರದ ತಡೆ ಕೊಡ್ತಾರೆ, ಮತ್ತೆ ತೆಗೀತಾರೆ. ಎಲ್ಲರೂ ಕಾಯ್ತಿರೋ ಆ ಮೊದಲ ಅಲುಗಾಟ ಯಾವಾಗ ಬರುತ್ತೆ ಅಂತ ಅಲ್ಲಿ ನಿಂತವನಿಗೂ ಪಕ್ಕಾ ಗೊತ್ತಿರಲ್ಲ. ಆ ಹೊತ್ತಿನಲ್ಲಿ ಮ್ಯಾಕ್ರೊ ಕಳಸ ತೋರಿಸ್ತಾ ಕೂತಿದ್ರೆ, ಗೋವಾದಲ್ಲಿ ಕೂತು ನೋಡೋ ತಾಯಿಗೆ ಈ ವರ್ಷದ ತೇರು ತಪ್ಪಿದಂಗೇ. ಇನ್ನು ಬರೋ ಬನದ ಹುಣ್ಣಿಮೆ ತನಕ ಕಾಯಬೇಕು.

ನಾಟಕದ ಪರದೆ ಎಳೆಯೋ ಹುಡುಗನ ಮಾತಿಗೆ ಮತ್ತೆ ಬರ್ತೀನಿ. ಬೆಲ್ ಹೊಡೆದ್ರೂ ನಟ ಇನ್ನೂ ಕಿರೀಟ ಕಟ್ಕೋತಿದ್ದಾನೆ ಅಂದ್ರೆ ಆ ಹುಡುಗ ನೋಡಿ ಒಂದು ಗಳಿಗೆ ತಡೀತಾನೆ. ಮ್ಯಾಕ್ರೊ ತಡೆಯಲ್ಲ. ಅದಕ್ಕೆ ಕಣ್ಣಿಲ್ಲ.

ಎಲ್ಲರೂ ಇಟ್ಕೋಬೇಕಾದ ಒಂದು ಗುಂಡಿ

ಹಾಗಂತ ಜನಸಂದಣಿಯ ಲೈವಿನಲ್ಲಿ ಮ್ಯಾಕ್ರೊ ಬೇಡವೇ ಬೇಡ ಅಂತ ಅಲ್ಲ. ಅಲ್ಲಿ ಒಂದೇ ಒಂದು ಮ್ಯಾಕ್ರೊ ಬೇಕು, ಅದೂ ಬಹಳ ಮುಖ್ಯವಾದದ್ದು. ನಾನು ಅದಕ್ಕೆ 'ಸುರಕ್ಷಿತ' ಅಂತ ಹೆಸರಿಡಿ ಅಂತೀನಿ.

ಜಾತ್ರೆಯಲ್ಲಿ ನೂಕುನುಗ್ಗಲು ಇರುತ್ತೆ, ಹೋಳಿಯಲ್ಲಿ ಬಣ್ಣದ ಗದ್ದಲ ಇರುತ್ತೆ. ಯಾರೋ ಬೀಳಬಹುದು, ಯಾರಿಗೋ ಏಟಾಗಬಹುದು. ಕ್ಯಾಮೆರಾ ಆ ಹೊತ್ತಿಗೆ ಸರಿಯಾಗಿ ಅಲ್ಲೇ ಇರುತ್ತೆ. ಬಿದ್ದವರ ಮನೆಯವರು ಅದೇ ಲೈವನ್ನ ದೂರದೂರಲ್ಲಿ ನೋಡ್ತಿರಬಹುದು. ಅವರಿಗೆ ಸುದ್ದಿ ಹಂಗ ತಲುಪಬಾರದು. ಸ್ವಿಚರ್ ಮುಂದೆ ಕೂತವನ ಕೈ ಆ ಕ್ಷಣದಲ್ಲಿ ನಡುಗುತ್ತೆ, ಯಾವ ಗುಂಡಿ ಅಂತ ಹುಡುಕೋಕೆ ಟೈಮ್ ಇರಲ್ಲ.

ಆ ಮ್ಯಾಕ್ರೊದಲ್ಲಿ ಇರಬೇಕಾದದ್ದು ಇಷ್ಟು: ದೂರದ ವೈಡ್ ಕ್ಯಾಮೆರಾಕ್ಕೆ ನೇರ ಕಟ್, ಕರಗೋ ಬದಲಾವಣೆ ಅಲ್ಲ. ಮೇಲಿನ ಎಲ್ಲಾ ಪಟ್ಟಿ, ಚೌಕ ತೆಗೆ. ಹತ್ತಿರದ ಮೈಕ್ ಬಂದ್. ದೂರದ ಜನರ ಸಪ್ಪಳ ಮಾತ್ರ ಇರಲಿ. ಬನಶಂಕರಿಯಲ್ಲಾದ್ರೆ ವೈಡ್ ಕ್ಯಾಮೆರಾ ಹೊಂಡ, ಗುಡಿ, ಮೇಲೆ ಆಕಾಶ ಕಾಣೋ ಹಾಗಿರಲಿ, ಯಾರ ಮುಖವೂ ಗುರುತು ಸಿಗಬಾರದು. ಈ ಮ್ಯಾಕ್ರೊದಲ್ಲಿ ಬಿಡುವೇ ಇರಬಾರದು, ಒತ್ತಿದ ಕೂಡಲೇ ಆಗಬೇಕು. ಯಾವ ಸ್ಥಿತಿಯಿಂದ ಒತ್ತಿದ್ರೂ ಕೆಲಸ ಮಾಡಬೇಕು, ಅಂದ್ರೆ ಮೊದಲು ಹೇಳಿದ ಉಲ್ಟಾ ಇಟ್ಟು ರೆಕಾರ್ಡ್ ಮಾಡೋ ಉಪಾಯ ಇಲ್ಲಿ ಕಡ್ಡಾಯ. ಲ್ಯಾಪ್‌ಟಾಪಿನಿಂದ ಓಡಿಸೋರು ಕಾರ್ಯಕ್ರಮ ಶುರುವಾಗೋ ಮುಂಚೆಯೇ ಇದನ್ನ ಆರಿಸಿ ಸಿದ್ಧ ಇಟ್ಕೊಳ್ರಿ, ಪ್ಲೇ ಒತ್ತೋದೊಂದೇ ಬಾಕಿ ಇರಲಿ. ನಡುವೆ ಬೇರೆ ಮ್ಯಾಕ್ರೊ ಓಡಿಸಿದ್ರೆ ಅದು ಮುಗಿದ ಮೇಲೆ ಮತ್ತೆ ಇದನ್ನೇ ಆರಿಸಿಡ್ರಿ.

ಒತ್ತಬೇಕೋ ಬ್ಯಾಡೋ ಅಂತ ತೀರ್ಮಾನ ಮಾಡೋನು ಮನುಷ್ಯ. ಮ್ಯಾಕ್ರೊ ಅವನ ಬೆರಳಿನ ನಡುಕವನ್ನ ಮಾತ್ರ ಉಳಿಸುತ್ತೆ.

'ಮ್ಯಾಕ್ರೊ ಐತಲ್ಲ, ಒಬ್ಬನೇ ಬಾ'

ಈ ಮಾತು ಮುಂದೆ ಕೇಳಿಬರುತ್ತೆ, ಅದಕ್ಕೇ ಈಗಲೇ ಹೇಳ್ತೀನಿ. ಗುಂಡಿ ಒಂದೇ ಒತ್ತೋದಾದ್ರೆ ಇಬ್ಬರ ಕೂಲಿ ಯಾಕೆ ಅಂತ ಆರ್ಡರ್ ಕೊಡೋರು ಕೇಳ್ತಾರೆ. ಉತ್ತರ ನಿಮ್ಮ ಹತ್ರ ಇರಬೇಕು. ಮ್ಯಾಕ್ರೊ ಉಳಿಸೋದು ಗುಂಡಿ ಒತ್ತೋ ಕೆಲಸ. ಏಳು ಸಲ ಒತ್ತೋ ಬದಲು ಒಂದೇ ಸಲ ಒತ್ತಿದ್ರೆ ಉಳಿದ ಗಮನ ಎಲ್ಲಿಗೆ ಹೋಗಬೇಕು? ಮುಂದಿನ ಚಿತ್ರ ಯಾವುದು, ಮೈಕಿನ ಮಟ್ಟ ಹೇಗಿದೆ, ಇಂಟರ್ನೆಟ್ ಸರಿ ಇದೆಯಾ, ಕ್ಯಾಮೆರಾ ಹಿಡಿದವನಿಗೆ ಏನು ಹೇಳಬೇಕು ಅನ್ನೋ ಕಡೆಗೆ. ಆ ಗಮನವೇ ನೀವು ಮಾರೋ ಸರಕು. ಆಳು ಕಡಿಮೆ ಮಾಡಿದ್ರೆ ಮ್ಯಾಕ್ರೊದಿಂದ ಸಿಕ್ಕ ಲಾಭ ಅಲ್ಲೇ ಖರ್ಚಾಯ್ತು. ಬಿಲ್ಲಿನಲ್ಲಿ 'ಆಪರೇಟರ್' ಅಂತ ಒಂದು ಸಾಲು ಬೇರೆಯೇ ಇರಲಿ.

ಇವತ್ತೇ ಮಾಡಿ ನೋಡೋಕೆ

ಸ್ವಿಚರ್ ಇದ್ದವರು ಒಂದೇ ಒಂದು ವಿರಾಮದ ಮ್ಯಾಕ್ರೊ ಮಾಡ್ರಿ. ಸ್ವಿಚರ್ ಇಲ್ಲದವರು ಒಬಿಎಸ್ ಹಾಕ್ಕೊಂಡು, ಫೋನಿನ ಕ್ಯಾಮೆರಾ ಜೋಡಿಸಿ ಅದನ್ನೇ ಕಟ್ರಿ. ಆಮೇಲೆ ಮೂರು ಪರೀಕ್ಷೆ.

ಒಂದು, ಎಲ್ಲಾ ಸೆಟ್ಟಿಂಗ್ ಉಲ್ಟಾ ಇಟ್ಟು ಓಡಿಸ್ರಿ. ಎರಡು, ವಿರಾಮದ ಬ್ಯಾನರ್ ಆಗಲೇ ಪ್ರೋಗ್ರಾಮಿನಲ್ಲಿ ಇರೋವಾಗಲೇ ಮತ್ತೊಮ್ಮೆ ಓಡಿಸ್ರಿ. ಗಾಬರಿಯಲ್ಲಿ ಎರಡು ಸಲ ಒತ್ತೋದು ಸಹಜ, ಏನಾಗುತ್ತೆ ಅಂತ ಮೊದಲೇ ಗೊತ್ತಿರಲಿ. ಮೂರು, ಕಣ್ಣು ಮುಚ್ಚಿ ಕಿವಿಯಿಂದ ಕೇಳ್ರಿ, ಮೈಕ್ ನಿಜವಾಗಿ ಬಂದ್ ಆಯ್ತಾ? ಮೂರರಲ್ಲೂ ಪಾಸಾದ್ರೆ ಆ ಮ್ಯಾಕ್ರೊ ಪ್ರವಚನಕ್ಕೆ ತಯಾರು. ಒಂದರಲ್ಲಿ ಫೇಲಾದ್ರೂ ಅಳಿಸಿ ಮೊದಲಿಂದ ರೆಕಾರ್ಡ್ ಮಾಡ್ರಿ, ತೇಪೆ ಹಚ್ಚೋಕೆ ಹೋಗಬ್ಯಾಡ್ರಿ.

ಈ ಸಂಚಿಕೆಯನ್ನ ನಿಮ್ಮೂರಿನ ಸ್ಟುಡಿಯೋ ಅಣ್ಣನಿಗೂ ಕಳಿಸ್ರಿ. ನಿಮ್ಮ ಮ್ಯಾಕ್ರೊ ಎಲ್ಲಿ ನಿಂತಿತು ಅಂತ ಬರೆದು ಹೇಳಿದ್ರೆ ಮುಂದಿನ ಸಂಚಿಕೆಯಲ್ಲಿ ಅದನ್ನೇ ಬಿಡಿಸಿ ನೋಡೋಣ. ಬರ್ತೀನ್ರಿ, ಶರಣು.